ಕಡಲಿಲ್ಲದ ಊರಿನ ನಾವಿಕರು

ಕೆನಡಾ ದೇಶದ ಭೂಪಟವನ್ನು ಮುಂದಿಟ್ಟುಕೊಂಡು, ಕೆಳಗಿನ ಗಡಿಗೆ ಹತ್ತಿರವಾಗಿ ಎಡಬಲಗಳ ನಡುಮಧ್ಯೆ ಬೆರಳಿಟ್ಟರೆ ಅದು ಹೆಚ್ಚುಕಡಿಮೆ ವಿನಿಪೆಗ್ ನಗರದ ಮೇಲೆ ಬೀಳುತ್ತದೆ. ಮ್ಯಾನಿಟೋಬಾ ಪ್ರಾಂತ್ಯದ ರಾಜಧಾನಿ. ಸುತ್ತ ಎತ್ತ ನೋಡಿದರೂ ಹೊಲಗಳು, ಗುಡ್ಡವಿಲ್ಲ, ದಿಣ್ಣೆಯಿಲ್ಲ. ಪೂರ್ವಕ್ಕೆ ಅಟ್ಲಾಂಟಿಕ್ ದಂಡೆಯ ಹ್ಯಾಲಿಫ್ಯಾಕ್ಸ್ ಬಂದರಿಗೆ ನೇರ ಗೆರೆ ಎಳೆದರೂ ಎರಡೂವರೆ ಸಾವಿರ ಕಿಲೋಮೀಟರಿಗೆ ಕಡಿಮೆಯಿಲ್ಲ. ಪಶ್ಚಿಮದ ಕಡಲು ಇನ್ನೊಂದು ದಿಕ್ಕಿಗೆ, ಪರ್ವತ ಸಾಲುಗಳ ಆಚೆ. ಉತ್ತರದಲ್ಲಿ ಹಡ್ಸನ್ ಕೊಲ್ಲಿ ಇದೆ ನಿಜ, ಆದರೆ ಅದು ವರ್ಷದ ಬಹುಭಾಗ ಹೆಪ್ಪುಗಟ್ಟಿಕೊಂಡೇ ಇರುತ್ತದೆ. ಊರೊಳಗೆ ಎರಡು ನದಿಗಳು ಕೂಡುತ್ತವೆ, ರೆಡ್ ಮತ್ತು ಅಸಿನಿಬಾಯಿನ್. ಚಳಿಗಾಲದಲ್ಲಿ ಅವೂ ಗಟ್ಟಿ. ಜನ ಅವುಗಳ ಮೇಲೆ ನಡೆದಾಡುತ್ತಾರೆ.

ಇಂಥ ಊರಿನಲ್ಲಿ ನೌಕಾಪಡೆಯ ಒಂದು ಘಟಕವಿದೆ, ಅದೂ 1923ರಿಂದ ಇದೆ ಎಂದರೆ ಯಾರಿಗಾದರೂ ಆಶ್ಚರ್ಯವಾಗದೆ ಇರದು. ಮಗಳ ಮನೆಯಲ್ಲಿ ಒಂದು ಬೇಸಿಗೆ ಕಳೆಯಲು ಹೋಗಿದ್ದಾಗ, ನದಿಯ ಕಡೆ ಸಂಜೆಯ ತಿರುಗಾಟದಲ್ಲಿ ನಾನು ಆ ಕಟ್ಟಡದ ಮುಂದೆ ನಿಂತೆ. ಹೆಸರು ಎಚ್.ಎಂ.ಸಿ.ಎಸ್. ಚಿಪ್ಪವಾ. ಆ ನಾಲ್ಕು ಅಕ್ಷರಗಳನ್ನು ಕೆನಡಾದಲ್ಲಿ ಯುದ್ಧನೌಕೆಯ ಹೆಸರಿನ ಮುಂದೆ ಹಾಕುತ್ತಾರೆ. ಹಡಗೆಲ್ಲಿದೆ ಎಂದು ನೋಡಿದರೆ ಎದುರಿಗಿದ್ದದ್ದು ರಸ್ತೆ ಬದಿಯ ಮಾಮೂಲಿ ಕಟ್ಟಡ. ನಾನು ದಾವಣಗೆರೆಯಲ್ಲಿ ಬೆಳೆದವಳು. ಕಡಲನ್ನು ಮೊದಲು ಕಂಡದ್ದು ಮದುವೆಯಾದ ಮೇಲೆ, ಗೋಕರ್ಣದಲ್ಲಿ. ಬಯಲುಸೀಮೆಯ ಮಧ್ಯೆ ನೌಕಾಪಡೆಗೇನು ಕೆಲಸ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆ ಕಟ್ಟಡದೊಳಗೇ ಮ್ಯಾನಿಟೋಬಾದ ನೌಕಾ ಸಂಗ್ರಹಾಲಯವಿದೆ. ಅಲ್ಲಿಂದ ಶುರುವಾದ ಓದು ಊರಿಗೆ ಮರಳಿದ ಮೇಲೂ ಮುಂದುವರಿಯಿತು.

ಕಥೆ ಒಂದು ಬಡತನದಿಂದ ಆರಂಭವಾಗುತ್ತದೆ. ಮೊದಲ ಮಹಾಯುದ್ಧ ಮುಗಿದ ಮೇಲೆ ಕೆನಡಾ ಸರ್ಕಾರಕ್ಕೆ ನೌಕಾಪಡೆ ಒಂದು ಹೊರೆಯಾಗಿ ಕಂಡಿತು. 1922ರಲ್ಲಿ ಅದರ ವಾರ್ಷಿಕ ಹಣವನ್ನು 25 ಲಕ್ಷ ಡಾಲರಿನಿಂದ 15 ಲಕ್ಷಕ್ಕೆ ಇಳಿಸಿದರು. ಆಗ ಪಡೆಯ ಮುಖ್ಯಸ್ಥರಾಗಿದ್ದವರು ವಾಲ್ಟರ್ ಹೋಸ್. ಈ ಮನುಷ್ಯ ಹುಟ್ಟಿದ್ದೇ ಹಡಗಿನಲ್ಲಿ. 1875ರಲ್ಲಿ, ನಮ್ಮ ಹಿಂದೂ ಮಹಾಸಾಗರದ ಮೇಲೆ. ಕೈಗೆ ಸಿಕ್ಕ ಅಷ್ಟಿಷ್ಟು ಹಣದಲ್ಲಿ ಇದ್ದ ದೊಡ್ಡ ಹಡಗನ್ನು ಸಾಕುತ್ತಾ ಕೂರಬಹುದಿತ್ತು. ಹೋಸ್ ಹಾಗೆ ಮಾಡಲಿಲ್ಲ. ದೊಡ್ಡ ಹಡಗನ್ನು ನಿಲ್ಲಿಸಿದರು, ನೌಕಾ ಕಾಲೇಜನ್ನೂ ಮುಚ್ಚಿದರು. ಉಳಿದ ಹಣದಲ್ಲಿ ಒಂದು ಪಾಲನ್ನು ದೇಶದುದ್ದಕ್ಕೂ ಊರೂರುಗಳಲ್ಲಿ ಸ್ವಯಂಸೇವಕರ ಮೀಸಲು ಪಡೆ ಕಟ್ಟಲು ಹಾಕಿದರು.

ಅವರ ಲೆಕ್ಕ ಹೀಗಿತ್ತು. ಒಳನಾಡಿನ ಜನ ಕಡಲನ್ನು ಕಂಡಿಲ್ಲ, ಹಡಗನ್ನು ಕಂಡಿಲ್ಲ. ಕಾಣದ ವಸ್ತುವಿಗೆ ತೆರಿಗೆ ಕೊಡಿ ಎಂದರೆ ಯಾರು ಕೊಡುತ್ತಾರೆ? ಪಕ್ಕದ ಬೀದಿಯ ಹುಡುಗ ನಾವಿಕನ ಸಮವಸ್ತ್ರ ತೊಟ್ಟು ಓಡಾಡಿದರೆ ಆ ಪಡೆ ನಮ್ಮದು ಎಂಬ ಭಾವನೆ ಬರುತ್ತದೆ. ನಾಳೆ ಯುದ್ಧ ಬಂದರೆ ಹಡಗನ್ನು ಅವಸರದಲ್ಲಿ ಕಟ್ಟಬಹುದು, ನಾವಿಕರನ್ನು ಅವಸರದಲ್ಲಿ ತಯಾರಿಸಲಾಗದು. ಸಾಸಿವೆ ಡಬ್ಬಿಯಲ್ಲಿ ಪುಡಿಗಾಸು ಕೂಡಿಟ್ಟು ಸಂಸಾರ ತೂಗಿಸಿದ ಯಾವ ಹೆಣ್ಣಿಗೂ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡ ವರಮಾನ ಇಲ್ಲದಾಗ ಸಣ್ಣಸಣ್ಣದನ್ನು ಬೇರೆಬೇರೆ ಕಡೆ ಎತ್ತಿಡುವುದು, ಅದೇ ಮೀಸಲು. 1923ರ ಜನವರಿ 31ರಂದು ಆ ಪಡೆ ಹುಟ್ಟಿತು. ಅದೇ ವರ್ಷ ವಿನಿಪೆಗ್‌ನಲ್ಲಿ ಅದರ ಒಂದು ಸಣ್ಣ ತುಕಡಿ ಶುರುವಾಯಿತು.

ಮೀಸಲು ನಾವಿಕ ಎಂದರೆ ಯಾರು? ಹಗಲು ಬ್ಯಾಂಕಿನ ಗುಮಾಸ್ತ, ರೈಲ್ವೆ ಕೆಲಸಗಾರ, ಅಂಗಡಿಯ ಹುಡುಗ, ಕಾಲೇಜು ವಿದ್ಯಾರ್ಥಿ. ವಾರಕ್ಕೊಂದು ಸಂಜೆ ಮಾತ್ರ ನಾವಿಕ. ಆ ಸಂಜೆ ಕವಾಯತು, ಹಗ್ಗದ ಗಂಟುಗಳು, ಬಾವುಟದ ಸಂಜ್ಞೆ, ಮೋರ್ಸ್ ಸಂಕೇತ. ಬೇಸಿಗೆಯಲ್ಲಿ ರಜೆ ಹಾಕಿ, ದಿನಗಟ್ಟಲೆ ರೈಲಿನಲ್ಲಿ ಕುಳಿತು, ಹ್ಯಾಲಿಫ್ಯಾಕ್ಸಿಗೋ ಪಶ್ಚಿಮದ ಎಸ್ಕ್ವಿಮಾಲ್ಟಿಗೋ ಹೋಗಿ ನಿಜವಾದ ಹಡಗಿನಲ್ಲಿ ತರಬೇತಿ. ಅಲ್ಲಿಂದ ಬಂದವನೇ ಮತ್ತೆ ಅದೇ ಗುಮಾಸ್ತಿಕೆ. ಎರಡು ಬದುಕುಗಳನ್ನು ಒಂದೇ ಮೈಯಲ್ಲಿ ಬದುಕುವ ಈ ಕಷ್ಟ ಮನೆ, ಕಚೇರಿ ಎರಡನ್ನೂ ನಿಭಾಯಿಸುವ ನಮಗೆ ಗೊತ್ತಿಲ್ಲದ್ದೇನಲ್ಲ.

1941ರಲ್ಲಿ ಈ ಘಟಕಗಳಿಗೆಲ್ಲ ಹಡಗಿನ ಹೆಸರು ಕೊಟ್ಟರು. ವಿನಿಪೆಗ್‌ನ ಘಟಕ ಚಿಪ್ಪವಾ ಆಯಿತು. ಯುದ್ಧದ ದಿನಗಳಲ್ಲಿ ಅದಕ್ಕೆ ಸ್ಮಿತ್ ಸ್ಟ್ರೀಟಿನಲ್ಲಿದ್ದ ಒಂದು ದೊಡ್ಡ ಕ್ರೀಡಾ ಕ್ಲಬ್ಬಿನ ಕಟ್ಟಡ ದೊರಕಿತು. ಕಟ್ಟಡವಾದರೇನು, ಹೆಸರು ಹಡಗಿನದು ತಾನೇ? ಆದ್ದರಿಂದ ಮಾತೂ ಹಡಗಿನದೇ. ನೆಲಕ್ಕೆ ಡೆಕ್ ಎನ್ನಬೇಕು. ಅಡುಗೆಮನೆ ಗ್ಯಾಲಿ. ಕೆಲಸ ಮುಗಿಸಿ ಬಾಗಿಲು ದಾಟಿ ರಸ್ತೆಗಿಳಿದರೆ ‘ದಡಕ್ಕೆ ಹೋದ’ ಎಂದರ್ಥ. ಮೊದಲು ಓದಿದಾಗ ನನಗೆ ನಗು ಬಂತು, ಮಕ್ಕಳು ಮಂಚವನ್ನೇ ಬಸ್ಸು ಮಾಡಿಕೊಂಡು ಟಿಕೆಟ್ ಹರಿಯುವ ಆಟದ ಹಾಗೆ. ಆದರೆ ಆ ಆಟ ಆಡಿದ ಹುಡುಗರು ಹೋದದ್ದು ಎಲ್ಲಿಗೆ ಎಂದು ಮುಂದೆ ಓದಿದಾಗ ನಗು ನಿಂತಿತು.

1939ರಲ್ಲಿ ಯುದ್ಧ ಶುರುವಾದಾಗ ಕೆನಡಾದ ನೌಕಾಪಡೆಯಲ್ಲಿ ಕಾಯಂ ಮತ್ತು ಮೀಸಲು ಎರಡೂ ಸೇರಿ ಇದ್ದವರು ಸುಮಾರು 3,500 ಜನ. ಯುದ್ಧ ಮುಗಿಯುವ ಹೊತ್ತಿಗೆ ಸೇವೆ ಸಲ್ಲಿಸಿದವರ ಸಂಖ್ಯೆ ಲಕ್ಷದ ಹತ್ತಿರ ಬಂದಿತ್ತು. ಹೀಗೆ ಬೆಳೆದದ್ದು ಬಹುಪಾಲು ಹೋಸ್ ಬಿತ್ತಿದ ಆ ಮೀಸಲು ಘಟಕಗಳ ಬಾಗಿಲಿನಿಂದ. ಚಿಪ್ಪವಾದಲ್ಲಿ ಹೆಸರು ಬರೆಸಿ ಹೊರಟವರು ಸಾವಿರಾರು ಜನ. ಗೋಧಿ ಹೊಲದ ಹುಡುಗರು ಭೂಸೇನೆಗೆ ಹೋಗದೆ ಕಡಲಿಗೇಕೆ ಹೋದರು? ಮೂವತ್ತರ ದಶಕದ ಬರ, ಧೂಳಿನ ಬಿರುಗಾಳಿ, ಕೆಲಸವಿಲ್ಲದ ವರ್ಷಗಳನ್ನು ಕಂಡವರಿಗೆ ನೀರಿನ ಕನಸು ಬಿದ್ದಿದ್ದರೆ ಆಶ್ಚರ್ಯವಿಲ್ಲ. ದಿಗಂತದವರೆಗೂ ಏನೂ ಅಡ್ಡವಿಲ್ಲದ ಬಯಲನ್ನು ನೋಡಿ ಬೆಳೆದವರಿಗೆ ಸಮುದ್ರ ತೀರಾ ಅಪರಿಚಿತವಾಗಿಯೂ ಕಂಡಿರಲಾರದು.

ಈ ಸ್ವಯಂಸೇವಕ ಅಧಿಕಾರಿಗಳ ತೋಳಿನ ಚಿನ್ನದ ಪಟ್ಟಿ ನೇರವಾಗಿರಲಿಲ್ಲ, ಅಲೆಅಲೆಯಾಗಿತ್ತು. ಕಾಯಂ ಅಧಿಕಾರಿಗಳದು ನೆಟ್ಟಗಿನ ಪಟ್ಟಿ. ಸೀರೆಯ ಅಂಚು ನೋಡಿ ಯಾವ ಊರಿನ ನೇಯ್ಗೆ ಎಂದು ಹೇಳುವ ಹಾಗೆ, ತೋಳಿನ ಅಂಚು ನೋಡಿ ಇವನು ‘ಅರೆಕಾಲದವನು’ ಎಂದು ಗುರುತಿಸುತ್ತಿದ್ದರು. ಅಟ್ಲಾಂಟಿಕ್‌ನಲ್ಲಿ ಕಾವಲು ಕಾದವರಲ್ಲಿ ಹೆಚ್ಚಿನವರು ಈ ಅಲೆ ಅಂಚಿನವರೇ.

ಅವರಿಗೆ ಸಿಕ್ಕ ಹಡಗಾದರೂ ಎಂಥದು? ಕಾರ್ವೆಟ್ ಎಂಬ ಪುಟ್ಟ ನೌಕೆ. ತಿಮಿಂಗಿಲ ಬೇಟೆಯ ದೋಣಿಯ ನಕ್ಷೆಯನ್ನು ತಿದ್ದಿ ಕಟ್ಟಿದ್ದು. ಉದ್ದ ಸುಮಾರು 205 ಅಡಿ, ವೇಗ 16 ನಾಟ್. ನೀರಿನ ಮೇಲೆ ಬಂದಾಗ ಜರ್ಮನ್ ಜಲಾಂತರ್ಗಾಮಿಯ ವೇಗ ಇದಕ್ಕಿಂತ ಹೆಚ್ಚು! ಹಸಿ ಹುಲ್ಲಿನ ಮೇಲೆ ಬಿಟ್ಟರೂ ಕಾರ್ವೆಟ್ ಹೊರಳಾಡುತ್ತದೆ ಎಂದು ನಾವಿಕರು ಹಾಸ್ಯ ಮಾಡುತ್ತಿದ್ದರು. ಬ್ರಿಟನ್ನಿಗೆ ಆಹಾರ, ಎಣ್ಣೆ, ಮದ್ದುಗುಂಡು ಒಯ್ಯುವ ಸರಕು ಹಡಗುಗಳ ಹಿಂಡಿನ ಪಕ್ಕದಲ್ಲಿ ಇವು ಕುರಿ ಕಾಯುವ ನಾಯಿಯಂತೆ ಓಡಾಡಬೇಕು. ಚಳಿಗಾಲದಲ್ಲಿ ಹಾರಿದ ನೀರು ಹಡಗಿನ ಮೇಲೇ ಹೆಪ್ಪುಗಟ್ಟಿ, ಆ ಭಾರಕ್ಕೆ ಹಡಗು ಮಗುಚುವ ಭಯ. ಸರತಿಯ ಮೇಲೆ ಕೊಡಲಿ ಹಿಡಿದು ಮಂಜು ಒಡೆಯುವುದೇ ಒಂದು ಕೆಲಸ. ಈ ಒಂದು ವಿದ್ಯೆ ಮಾತ್ರ ವಿನಿಪೆಗ್ ಹುಡುಗರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಕೆನಡಾದ ಕಾರ್ವೆಟ್‌ಗಳಿಗೆ ಸಾಮಾನ್ಯವಾಗಿ ಸಣ್ಣಪುಟ್ಟ ಊರುಗಳ ಹೆಸರಿಡುತ್ತಿದ್ದರು. ಕಡಲಿನ ಸುಳಿವಿಲ್ಲದ ಬಯಲಿನ ಊರುಗಳ ಹೆಸರೂ ಅವುಗಳಲ್ಲಿದ್ದವು. ಆ ಊರಿನ ಹೆಂಗಸರು ತಮ್ಮ ಹೆಸರಿನ ಹಡಗನ್ನು ದತ್ತು ತೆಗೆದುಕೊಂಡಂತೆ ನೋಡಿಕೊಂಡರು. ಉಣ್ಣೆಯ ಕಾಲುಚೀಲ, ಕೈಗವಸು ಹೆಣೆದು ಪೆಟ್ಟಿಗೆ ಕಟ್ಟಿ ಕಳಿಸಿದರು. ಹೋಸ್ ಬಯಸಿದ ‘ನಮ್ಮದು’ ಎಂಬ ಭಾವನೆ ಈ ಹೆಣಿಗೆಯ ಕಡ್ಡಿಗಳ ತುದಿಯಲ್ಲಿ ನಿಜವಾಯಿತು.

ಇಲ್ಲಿ ಒಂದು ಘಟನೆ ಹೇಳಲೇಬೇಕು. ವಿನಿಪೆಗ್ ಎಂಬ ಹೆಸರಿನದೇ ಒಂದು ಪ್ರಯಾಣಿಕರ ಹಡಗಿತ್ತು. 1939ರಲ್ಲಿ ಕವಿ ಪಾಬ್ಲೊ ನೆರೂಡಾ ಸ್ಪೇನಿನ ಎರಡು ಸಾವಿರಕ್ಕೂ ಹೆಚ್ಚು ನಿರಾಶ್ರಿತರನ್ನು ಚಿಲಿ ದೇಶಕ್ಕೆ ಕಳಿಸಿದ್ದು ಇದೇ ಹಡಗಿನಲ್ಲಿ. 1942ರ ಅಕ್ಟೋಬರ್ 22ರಂದು ಅಟ್ಲಾಂಟಿಕ್ ನಡುವೆ ಜರ್ಮನ್ ಜಲಾಂತರ್ಗಾಮಿಯೊಂದು ಅದನ್ನು ಮುಳುಗಿಸಿತು. ಹಡಗಿನಲ್ಲಿ 190ಕ್ಕೂ ಹೆಚ್ಚು ಜನ ಇದ್ದರು. ಅಷ್ಟೂ ಜನರನ್ನು ಒಂದು ಕಾರ್ವೆಟ್ ಎತ್ತಿಕೊಂಡಿತು, ಒಬ್ಬರೂ ಸಾಯಲಿಲ್ಲ. ಆ ಕಾರ್ವೆಟ್‌ನ ಹೆಸರು ಮಾರ್ಡನ್. ಮಾರ್ಡನ್ ಎಂಬುದು ವಿನಿಪೆಗ್‌ನ ನೈರುತ್ಯಕ್ಕಿರುವ ಒಂದು ಪುಟ್ಟ ಪಟ್ಟಣ. ಸಾವಿರಾರು ಮೈಲಿ ದೂರದ ನಡುಗಡಲಲ್ಲಿ ನೆರೆಯೂರು ನೆರೆಯೂರಿನ ಕೈ ಹಿಡಿದ ಹಾಗೆ! ಎಲ್ಲ ಹಡಗುಗಳಿಗೂ ಈ ಅದೃಷ್ಟ ಇರಲಿಲ್ಲ. ಕೆನಡಾದ 24 ಯುದ್ಧನೌಕೆಗಳು ನಾಶವಾದವು, ಸುಮಾರು 2,000 ನಾವಿಕರು ಸತ್ತರು. ವಿನಿಪೆಗ್‌ನ ಎಷ್ಟೋ ಮನೆಗಳಲ್ಲಿ ತಾಯಂದಿರು ತಾವೆಂದೂ ನೋಡದ ಸಮುದ್ರಕ್ಕೆ ಮಗನನ್ನು ಕೊಟ್ಟು ಕೂತರು.

ಹುಡುಗರು ಸಾಲದಾದಾಗ ಸರ್ಕಾರಕ್ಕೆ ಹುಡುಗಿಯರ ನೆನಪಾಯಿತು. 1942ರ ಜುಲೈ 31ರಂದು ಮಹಿಳಾ ನೌಕಾ ಸೇವೆ ಆರಂಭವಾಯಿತು. ಅದರ ಸದಸ್ಯೆಯರನ್ನು ‘ರೆನ್’ ಎನ್ನುತ್ತಿದ್ದರು. ಅದು ಗುಬ್ಬಿಗಿಂತ ಚಿಕ್ಕ ಹಕ್ಕಿಯೊಂದರ ಹೆಸರು. ಮುಂದಿನ ನಾಲ್ಕು ವರ್ಷಗಳಲ್ಲಿ ಸುಮಾರು 7,000 ಹೆಣ್ಣುಮಕ್ಕಳು ರೆನ್‌ಗಳಾದರು. ವಿನಿಪೆಗ್‌ನ ಹುಡುಗಿಯರು ಚಿಪ್ಪವಾದಲ್ಲಿ ಹೆಸರು ಬರೆಸಿ, ರೈಲು ಹತ್ತಿ ಒಂಟಾರಿಯೊ ಪ್ರಾಂತ್ಯದ ಗಾಲ್ಟ್ ಎಂಬ ಊರಿಗೆ ತರಬೇತಿಗೆ ಹೋದರು. ಆ ಊರಿಗೂ ಕಡಲಿಲ್ಲ. ತರಬೇತಿಗೆ ಕೊಟ್ಟ ಜಾಗ, ದಾರಿ ತಪ್ಪಿದವರೆಂದು ಸರ್ಕಾರ ಹಿಡಿದಿಡುತ್ತಿದ್ದ ಹುಡುಗಿಯರ ಸುಧಾರಣಾ ಶಾಲೆ. ಅದಕ್ಕೂ 1943ರಲ್ಲಿ ಹಡಗಿನ ಹೆಸರು ಬಂತು: ಎಚ್.ಎಂ.ಸಿ.ಎಸ್. ಕೊನೆಸ್ಟೋಗಾ. ಅದರ ಮುಖ್ಯಸ್ಥೆ ಹ್ಯಾಲಿಫ್ಯಾಕ್ಸಿನ ಇಸಬೆಲ್ ಮ್ಯಾಕ್‌ನೀಲ್. ಇಡೀ ಕಾಮನ್‌ವೆಲ್ತ್‌ನಲ್ಲಿ ‘ಹಡಗೊಂದರ’ ಅಧಿಪತ್ಯ ವಹಿಸಿದ ಮೊದಲ ಹೆಂಗಸು ಆಕೆ. ಹಡಗು ನೆಲದ ಮೇಲೆ ನಿಂತಿತ್ತು, ಅಷ್ಟೇ.

ರೆನ್‌ಗಳ ಕೆಲಸ ಮೊದಲಿಗೆ ನಮಗೆಲ್ಲ ಪರಿಚಿತವಾದದ್ದೇ: ಅಡುಗೆ, ಬಡಿಸುವುದು, ಬಟ್ಟೆ ಒಗೆಯುವುದು, ಟೈಪಿಂಗ್. ಕ್ರಮೇಣ ಅವರು ಲಾರಿ ಓಡಿಸಿದರು, ಸಂಕೇತ ಬರಹ ಬಿಡಿಸಿದರು, ಭೂಪಟದ ಮೇಲೆ ಹಡಗುಗಳ ಜಾಡು ಗುರುತಿಸಿದರು. ಇವುಗಳಲ್ಲಿ ಅತಿ ಗುಟ್ಟಿನ ಕೆಲಸ ರೇಡಿಯೋ ಕೇಂದ್ರಗಳಲ್ಲಿ ನಡೆಯುತ್ತಿತ್ತು. ಜಲಾಂತರ್ಗಾಮಿ ಸಮುದ್ರದಿಂದ ತನ್ನ ದೇಶಕ್ಕೆ ಸಂದೇಶ ಕಳಿಸಲೇಬೇಕಲ್ಲ? ಆ ಕ್ಷಣ ದಡದ ಕೇಂದ್ರದಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ ಕುಳಿತ ಹುಡುಗಿ ಅದು ಯಾವ ದಿಕ್ಕಿನಿಂದ ಬಂತು ಎಂದು ಹಿಡಿಯುತ್ತಾಳೆ. ಇನ್ನೊಂದು ಕೇಂದ್ರದಲ್ಲಿ ಇನ್ನೊಬ್ಬಳು ಹಿಡಿಯುತ್ತಾಳೆ. ಭೂಪಟದ ಮೇಲೆ ಆ ಗೆರೆಗಳು ಎಲ್ಲಿ ಕೂಡುತ್ತವೆಯೋ ಅಲ್ಲಿ ಶತ್ರು ಇದ್ದಾನೆ. ತಕ್ಷಣ ಹಡಗುಗಳ ಹಿಂಡಿಗೆ ಬೇರೆ ದಾರಿ ಹಿಡಿಯಲು ಸೂಚನೆ ಹೋಗುತ್ತದೆ. ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಕವರ್‌ಡೇಲ್ ಕೇಂದ್ರದಲ್ಲಿ ರೆನ್‌ಗಳು ಹಗಲುರಾತ್ರಿ ಸರತಿಯ ಮೇಲೆ ಇದನ್ನು ಮಾಡಿದರು. ಮಾಡಿದ್ದನ್ನು ಯಾರಿಗೂ ಹೇಳಬಾರದೆಂಬ ಕಟ್ಟಪ್ಪಣೆ ಇತ್ತು. ಎಷ್ಟೋ ಜನ ಮದುವೆಯಾಗಿ, ಮೊಮ್ಮಕ್ಕಳನ್ನು ಕಾಣುವ ತನಕ ಗಂಡನಿಗೂ ಹೇಳಲಿಲ್ಲ. ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲದು ಎಂಬ ಮಾತನ್ನು ಇನ್ನು ಯಾರಾದರೂ ಆಡಿದರೆ ನಾನು ಕವರ್‌ಡೇಲ್ ಹೆಸರು ಹೇಳುವವಳೇ.

ಸಂಬಳ? ಆರಂಭದಲ್ಲಿ ಗಂಡಸರ ಸಂಬಳದ ಮೂರರಲ್ಲಿ ಎರಡು ಪಾಲು. 1943ರಲ್ಲಿ ಅದನ್ನು ನೂರಕ್ಕೆ 80ಕ್ಕೆ ಏರಿಸಿದರು. ಯುದ್ಧನೌಕೆ ಹತ್ತಿ ಕಡಲಿಗೆ ಹೋಗುವ ಅವಕಾಶ ಅವರಿಗಿರಲಿಲ್ಲ. ಗಂಡಸರನ್ನು ಕಡಲಿಗೆ ಬಿಡುಗಡೆ ಮಾಡುವುದಷ್ಟೇ ಇವರ ಕರ್ತವ್ಯ ಎಂದು ಬಗೆಯಲಾಗಿತ್ತು. 1946ರ ಆಗಸ್ಟ್ ಕೊನೆಗೆ ಸೇವೆಯನ್ನೇ ಮುಚ್ಚಿ ಎಲ್ಲರನ್ನೂ ಮನೆಗೆ ಕಳಿಸಿದರು. ಮೀಸಲು ಪಡೆಯ ಗಂಡಸರೂ ಮನೆಗೆ ಹೋದರು, ನಿಜ. ಆದರೆ ಅವರ ಪಡೆ ಉಳಿದಿತ್ತು. ವಾರದ ಸಂಜೆ ಮತ್ತೆ ಬರಬಹುದಿತ್ತು. ಹೆಣ್ಣುಮಕ್ಕಳಿಗೆ ಬಾಗಿಲೇ ಇಲ್ಲವಾಯಿತು. ಹಬ್ಬಕ್ಕೆಂದು ಅಟ್ಟದಿಂದ ಇಳಿಸಿದ ದೊಡ್ಡ ಪಾತ್ರೆಯನ್ನು ಊಟ ಮುಗಿದೊಡನೆ ತೊಳೆದು ಮತ್ತೆ ಅಟ್ಟಕ್ಕೇರಿಸಿದಂತೆ.

ನಮ್ಮಲ್ಲೂ ಇದೇ ಆಯಿತೆಂಬುದು ನನಗೆ ಹೊಸ ವಿಷಯ. ಅದೇ ಯುದ್ಧದಲ್ಲಿ ಭಾರತದ ನೌಕಾಪಡೆಗೂ ಒಂದು ಮಹಿಳಾ ಸೇವೆ ಇತ್ತು. ಅದರ ಅಧಿಕಾರಿ ಕಲ್ಯಾಣಿ ಸೇನ್ 1945ರಲ್ಲಿ ಸೀರೆಯುಟ್ಟೇ ಬ್ರಿಟನ್ನಿನ ನೌಕಾನೆಲೆಗಳನ್ನು ನೋಡಿ ಬಂದರು. ಯುದ್ಧ ಮುಗಿಯಿತು, ಆ ಸೇವೆಯೂ ಮುಗಿಯಿತು. ಭಾರತದ ನೌಕಾಪಡೆ ಮತ್ತೆ ಹೆಣ್ಣುಮಕ್ಕಳನ್ನು ಅಧಿಕಾರಿಗಳಾಗಿ ತೆಗೆದುಕೊಂಡದ್ದು 1992ರಲ್ಲಿ. ನಡುವೆ ಎರಡು ತಲೆಮಾರು ಕಳೆದವು.

ಚಿಪ್ಪವಾಕ್ಕೆ ಶಾಂತಿಯ ಕಾಲದಲ್ಲಿ ಕೆಲಸ ತಂದದ್ದು ಊರಿನದೇ ನದಿ. ರೆಡ್ ನದಿ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ವಸಂತದಲ್ಲಿ ದಕ್ಷಿಣದ ಹಿಮ ಮೊದಲು ಕರಗುತ್ತದೆ, ಉತ್ತರದಲ್ಲಿ ನದಿ ಇನ್ನೂ ಮಂಜಾಗಿಯೇ ಇರುತ್ತದೆ. ಬಂದ ನೀರಿಗೆ ಮುಂದೆ ದಾರಿಯಿಲ್ಲ. ನೆಲವೋ ತಟ್ಟೆಯಂತೆ ಚಪ್ಪಟೆ. ನೀರು ಮೈಲಿಗಟ್ಟಲೆ ಹರಡಿಕೊಳ್ಳುತ್ತದೆ. 1950ರ ಮೇ ತಿಂಗಳಲ್ಲಿ ಹೀಗೇ ಆಗಿ ಸುಮಾರು ಒಂದು ಲಕ್ಷ ಜನ ಮನೆ ಬಿಟ್ಟರು. ಆಗ ಚಿಪ್ಪವಾ ನೌಕಾಪಡೆಯ ಪರಿಹಾರ ಕೆಲಸಕ್ಕೆ ಕೇಂದ್ರವಾಯಿತು. ಕಡಲಿಲ್ಲದ ಊರಿಗೆ ನಾವಿಕರೇಕೆ ಎಂದು ಕೇಳುತ್ತಿದ್ದವರ ಮನೆ ಬಾಗಿಲಿಗೆ ಆ ನಾವಿಕರೇ ದೋಣಿ ತಂದು ನಿಲ್ಲಿಸಿದರು. ಆ ನೆರೆಯ ಪಾಠದಿಂದ ಊರಿನ ಸುತ್ತ 47 ಕಿಲೋಮೀಟರ್ ಉದ್ದದ ಬಳಸು ಕಾಲುವೆ ತೋಡಿ 1968ರಲ್ಲಿ ಮುಗಿಸಿದರು. 1997ರಲ್ಲಿ ಇನ್ನೂ ದೊಡ್ಡ ಪ್ರವಾಹ ಬಂದಾಗ ಊರನ್ನು ಉಳಿಸಿದ್ದು ಆ ಕಾಲುವೆ. ಆದರೆ ಹೊರಗಿನ ಹಳ್ಳಿಗಳು ದ್ವೀಪಗಳಾದವು. ಆಗ ನೆರವಿಗಿಳಿದ 8,000ಕ್ಕೂ ಹೆಚ್ಚು ಸೈನಿಕರ ಜೊತೆಗೆ ನೌಕಾಪಡೆಯ ದೋಣಿಗಳೂ ಇದ್ದವು. ಹಳೆಯ ಕ್ಲಬ್ಬಿನ ಕಟ್ಟಡ ಹೋಗಿ, ಈಗಿನ ಹೊಸ ಚಿಪ್ಪವಾ ತಲೆ ಎತ್ತಿದ್ದು ಆ ದಶಕದ ಕೊನೆಯಲ್ಲಿ.

ಇನ್ನು ರೆನ್‌ಗಳ ಮಾತು. ಅಟ್ಟಕ್ಕೇರಿಸಿದ ಪಾತ್ರೆ ಬಹಳ ದಿನ ಅಲ್ಲೇ ಉಳಿಯಲಿಲ್ಲ. ಕೊರಿಯಾ ಯುದ್ಧದ ಹೊತ್ತಿಗೆ ಮತ್ತೆ ಜನ ಸಾಲದಾಯಿತು. 1951ರಲ್ಲಿ ಹೆಣ್ಣುಮಕ್ಕಳನ್ನು ವಾಪಸು ಕರೆದರು. ಗಮನಿಸಿ, ಮೊದಲು ಕರೆದದ್ದು ಮೀಸಲು ಪಡೆಗೆ. ಕಾಯಂ ಪಡೆಯ ಬಾಗಿಲು ತೆರೆಯಲು 1955 ಬರಬೇಕಾಯಿತು. ಆಗಲೂ ಕಡಲಿಗೆ ಹೋಗುವ ಹಕ್ಕಿಲ್ಲ. 1989ರಲ್ಲಿ ಮಾನವ ಹಕ್ಕುಗಳ ನ್ಯಾಯಮಂಡಳಿ ಜಲಾಂತರ್ಗಾಮಿಯೊಂದನ್ನು ಬಿಟ್ಟು ಸೇನೆಯ ಎಲ್ಲ ಕೆಲಸಗಳನ್ನೂ ಹೆಣ್ಣಿಗೆ ತೆರೆಯಬೇಕೆಂದು ಆಜ್ಞೆ ಮಾಡಿತು. 2001ರಲ್ಲಿ ಜಲಾಂತರ್ಗಾಮಿಗೂ ಅನುಮತಿ ಬಂತು.

1990ರ ದಶಕದ ಕೊನೆಯ ವರ್ಷಗಳಲ್ಲಿ ಕೆನಡಾ 12 ಸಣ್ಣ ಕರಾವಳಿ ಕಾವಲು ನೌಕೆಗಳನ್ನು ಪಡೆಗೆ ಸೇರಿಸಿತು. ಅವುಗಳನ್ನು ನಡೆಸುವ ಹೊಣೆ ಬಹುಮಟ್ಟಿಗೆ ಮೀಸಲು ನಾವಿಕರಿಗೇ ಬಿತ್ತು. ಅವುಗಳಲ್ಲಿ ಮೊದಲನೆಯದು ಕಿಂಗ್‌ಸ್ಟನ್. 2003ರಲ್ಲಿ ಆ ಹಡಗಿನ ಅಧಿಪತ್ಯ ಮಾರ್ಟಾ ಮಲ್ಕಿನ್ಸ್ ಅವರಿಗೆ ಬಂತು. ಕೆನಡಾದ ಯುದ್ಧನೌಕೆಯೊಂದನ್ನು ನಡೆಸಿದ ಮೊದಲ ಮಹಿಳೆ ಆಕೆ. ಆಕೆ ಕಾಯಂ ಪಡೆಯವರಲ್ಲ, ಮೀಸಲು ಪಡೆಯವರು. ಮೊದಲ ರೆನ್ ಸಮವಸ್ತ್ರ ತೊಟ್ಟ 61 ವರ್ಷಗಳ ಮೇಲೆ, ನೆಲದ ಮೇಲೆ ನಿಂತ ಹಡಗಿನಿಂದ ನೀರಿನ ಮೇಲೆ ತೇಲುವ ಹಡಗಿಗೆ ಹೆಣ್ಣು ನಡೆದು ಬಂದ ದಾರಿ ಅದು. ಊರಿನ ಹೆಣ್ಣುಮಕ್ಕಳು ಓದು, ಕೆಲಸ, ಸಂಸಾರ ಯಾವುದನ್ನೂ ಬಿಡದೆ ವಾರಕ್ಕೊಂದು ಸಂಜೆ ಹೋಗಿ ಕಲಿಯಬಹುದಾದ ಬಾಗಿಲೊಂದು ಊರೂರಲ್ಲಿ ತೆರೆದಿದ್ದರಿಂದ ಆ ದಾರಿ ಸಾಧ್ಯವಾಯಿತು ಎಂದು ನಾನು ನಂಬುತ್ತೇನೆ. ದಾವಣಗೆರೆಯಂಥ ಊರಿನ ಹುಡುಗಿಗೂ ಬೇಕಾಗಿರುವುದು ಅಂಥದೊಂದು ಬಾಗಿಲೇ.

ಇಸಬೆಲ್ ಮ್ಯಾಕ್‌ನೀಲ್ ಯುದ್ಧ ಮುಗಿದ ಮೇಲೆ ಸುಮ್ಮನೆ ಕೂರಲಿಲ್ಲ. ಗಾಲ್ಟ್‌ನ ಕಟ್ಟಡ ಮತ್ತೆ ಸುಧಾರಣಾ ಶಾಲೆಯಾದಾಗ ಅದರ ಮೇಲ್ವಿಚಾರಕಿಯಾಗಿ ಅಲ್ಲಿಗೇ ಮರಳಿದರು. ನಾವಿಕ ಹುಡುಗಿಯರ ಬದಲು ಯಾರಿಗೂ ಬೇಡವಾದ ಹುಡುಗಿಯರನ್ನು ನೋಡಿಕೊಂಡರು. 1972ರಲ್ಲಿ ಅದೇ ಊರಿನಲ್ಲಿ ಒಬ್ಬ ರೆನ್‌ಳ ಪ್ರತಿಮೆ ನಿಲ್ಲಿಸಿದರು. ಅದನ್ನು ಮಾಡಿದ ಶಿಲ್ಪಿ ಫ್ರಾನ್ಸಿಸ್ ಗೇಜ್ ಸ್ವತಃ ರೆನ್ ಆಗಿದ್ದವರು. ಪ್ರತಿಮೆಗೆ ಯಾವ ಅಧಿಕಾರಿಯ ಹೆಸರನ್ನೂ ಇಡಲಿಲ್ಲ. ‘ಜೆನ್ನಿ’ ಎಂದಷ್ಟೇ ಕರೆದರು, ನಮ್ಮಲ್ಲಿ ಪುಟ್ಟಿ ಎಂದು ಕರೆಯುವ ಹಾಗೆ.